ನಿರ್ವಹಣೆ ಮತ್ತು ತಂತ್ರಜ್ಞಾನ ವಿಭಾಗಗಳಲ್ಲಿ ಅಂತರಶಿಸ್ತೀಯ ಅಧ್ಯಯನ: ಮುಂಬಯಿ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿಯ ಒಂದು ವಿಶ್ವವಿದ್ಯಾಲಯದಲ್ಲಿ ನಿರ್ವಹಣೆ ಮತ್ತು ತಂತ್ರಜ್ಞಾನ ಎರಡನ್ನೂ ಒಂದೇ ಸೂರಿನಡಿ ಕಲಿಸುವ ವಿಭಾಗದಲ್ಲಿ ನಾನು ಪಾಠ ಮಾಡುತ್ತೇನೆ. ಮಾಟುಂಗ, ವಡಾಲ, ಡೊಂಬಿವಲಿಗಳ ಕನ್ನಡ ಕಾರ್ಯಕ್ರಮಗಳಲ್ಲಿ ಸಿಗುವ ತಂದೆತಾಯಂದಿರೂ ವಿದ್ಯಾರ್ಥಿಗಳೂ ಪ್ರತಿವರ್ಷ ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ನಿಂತಲ್ಲೇ ಎರಡು ಮಾತಿನಲ್ಲಿ ಉತ್ತರಿಸಿದಾಗ ಹೇಳಬೇಕಾದದ್ದು ಅರ್ಧ ಉಳಿದುಹೋಗುತ್ತದೆ ಎಂಬ ಕೊರಗಿನಿಂದ ಇವನ್ನು ಬರೆದಿಟ್ಟಿದ್ದೇನೆ. ಪ್ರವೇಶದ ನಿಯಮಗಳು ಆಗಾಗ ಬದಲಾಗುವುದರಿಂದ ಅರ್ಜಿ ಹಾಕುವ ಮುನ್ನ ಆಯಾ ಸಂಸ್ಥೆಯ ಆ ವರ್ಷದ ಪ್ರಕಟಣೆಯನ್ನು ತಪ್ಪದೆ ಓದಬೇಕು.

ಅಂತರಶಿಸ್ತೀಯ ಅಧ್ಯಯನ ಎಂದರೇನು? ಎಂಜಿನಿಯರಿಂಗ್ ಮುಗಿಸಿ ಎಂಬಿಎ ಮಾಡಿದರೆ ಅದೇ ಆಗುವುದಿಲ್ಲವೇ?

ಆಗುವುದಿಲ್ಲ. ಒಬ್ಬರ ಬಳಿ ಎರಡು ಪದವಿಗಳಿದ್ದರೂ ಅವೆರಡೂ ಒಂದನ್ನೊಂದು ಮುಟ್ಟದೆ ಇರಬಹುದು. ನಮ್ಮೂರಿನದೇ ಉದಾಹರಣೆ ತೆಗೆದುಕೊಳ್ಳೋಣ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಅದೇ ಅವಧಿಯಲ್ಲಿ ಕೊಲಾಬಾದಲ್ಲಿ ನೂರು ಮಿಲಿಮೀಟರ್ ಕೂಡ ಆಗಲಿಲ್ಲ. ನಗರದ ಹಳೆಯ ಮಳೆನೀರಿನ ಚರಂಡಿಗಳನ್ನು ಗಂಟೆಗೆ 25 ಮಿಲಿಮೀಟರ್ ಮಳೆಯ ಲೆಕ್ಕದಲ್ಲಿ, ಅದೂ ಸಮುದ್ರದಲ್ಲಿ ಇಳಿತವಿರುವಾಗ ನೀರು ಹರಿದುಹೋಗುವಂತೆ ಕಟ್ಟಲಾಗಿತ್ತು. ವಿಹಾರ್ ಮತ್ತು ಪವಯಿ ಕೆರೆಗಳ ಕೋಡಿಯಿಂದ ಹುಟ್ಟಿ ಮಾಹಿಮ್ ಕೊಲ್ಲಿಯನ್ನು ಸೇರುವ ಮೀಠಿ ನದಿ ಎರಡೂ ದಡಗಳನ್ನು ಮೀರಿ ಹರಿಯಿತು.

ಈ ಘಟನೆಯ ಬಗ್ಗೆ ಹವಾಮಾನ ವಿಜ್ಞಾನಿಯೊಬ್ಬರು ಒಂದು ಅಧ್ಯಾಯ, ಸಿವಿಲ್ ಎಂಜಿನಿಯರ್ ಒಬ್ಬರು ಒಂದು ಅಧ್ಯಾಯ, ನದೀದಡದ ವಸತಿಗಳನ್ನು ಬಲ್ಲ ಸಮಾಜಶಾಸ್ತ್ರಜ್ಞರು ಒಂದು ಅಧ್ಯಾಯ, ಕಚೇರಿಗಳನ್ನು ಎಷ್ಟು ಗಂಟೆಗೆ ಬಿಡಬೇಕಿತ್ತು ಎಂಬುದರ ಬಗ್ಗೆ ನಿರ್ವಹಣಾ ತಜ್ಞರು ಒಂದು ಅಧ್ಯಾಯ ಬರೆದು ನಾಲ್ಕನ್ನೂ ಒಂದೇ ರಟ್ಟಿನೊಳಗೆ ಹೊಲಿದರೆ ಅದು ಬಹುಶಿಸ್ತೀಯ ಕೆಲಸ, ಅದಕ್ಕೂ ಬೆಲೆಯಿದೆ. ಆದರೆ "ಎಷ್ಟು ಖಚಿತವಾದಾಗ ಎಚ್ಚರಿಕೆ ಕೊಡಬೇಕು?" ಎಂದು ಕೇಳಿ ನೋಡಿ. ಬೇಗ ಕೊಟ್ಟು ಮಳೆ ಬಾರದೆ ಹೋದರೆ ಮುಂದಿನ ಸಲ ಜನ ಕಿವಿಗೊಡುವುದಿಲ್ಲ, ತಡವಾಗಿ ಕೊಟ್ಟರೆ ಲಕ್ಷಾಂತರ ಜನ ಆಗಲೇ ಲೋಕಲ್ ರೈಲಿನಲ್ಲಿರುತ್ತಾರೆ. ಇಲ್ಲಿ ಹವಾಮಾನದವರ ಸಂಭವನೀಯತೆ, ಚರಂಡಿಯ ಸಾಮರ್ಥ್ಯ, ಸಮುದ್ರದ ಉಬ್ಬರದ ವೇಳೆ, ಜನರ ನಂಬಿಕೆ ಇವೆಲ್ಲವೂ ಒಂದೇ ಲೆಕ್ಕದೊಳಗೆ ಬರಲೇಬೇಕು. ಯಾವ ಶಾಸ್ತ್ರವೂ ಒಂಟಿಯಾಗಿ ಈ ಪ್ರಶ್ನೆಯನ್ನು ಸರಿಯಾಗಿ ಕೇಳಲು ಕೂಡ ಆಗುವುದಿಲ್ಲ. ಅಂತಹ ಪ್ರಶ್ನೆಯನ್ನು ಹಿಡಿದು ಮಾಡುವ ಕೆಲಸಕ್ಕೆ ಅಂತರಶಿಸ್ತೀಯ ಎಂಬ ಹೆಸರು ಸಲ್ಲುತ್ತದೆ.

ಇನ್ನೂ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಉತ್ತರಗಳಿಗೆಲ್ಲ ಅದೇ ಬುನಾದಿ. ಇನ್ನೊಂದು ಶಾಸ್ತ್ರದ ಪರಿಭಾಷೆಯನ್ನು ಕಲಿಯುವುದು ಸುಲಭ. ಆ ಶಾಸ್ತ್ರ ಯಾವುದನ್ನು ಪುರಾವೆ ಎಂದು ಒಪ್ಪುತ್ತದೆ, ಯಾವುದನ್ನು ಒಪ್ಪುವುದಿಲ್ಲ, ಏಕೆ ಒಪ್ಪುವುದಿಲ್ಲ ಎಂಬುದನ್ನು ಕಲಿಯುವುದು ಕಷ್ಟ. ನಮ್ಮ ವಿಭಾಗದಲ್ಲಿ ನಡೆಯುವ ನಿಜವಾದ ಶಿಕ್ಷಣ ಅದೇ ಎಂಬುದು ನನ್ನ ನಂಬಿಕೆ.

ಇದು ಈಚಿನ ಫ್ಯಾಷನ್ ಅಲ್ಲವೇ?

ಪದ ಹೊಸದು, ಕೆಲಸ ಹಳೆಯದು. ಪುಣೆಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ 1883ರಲ್ಲಿ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದ ಸರ್ ಎಂ. ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. 1903ರಲ್ಲಿ ಖಡಕ್‌ವಾಸಲಾ ಜಲಾಶಯಕ್ಕೆ ಅವರು ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳ ಕಥೆ ನಮ್ಮ ಮಕ್ಕಳಿಗೆಲ್ಲ ಗೊತ್ತಿದೆ. ಅವರ ಬ್ಲಾಕ್ ಪದ್ಧತಿಯ ನೀರಾವರಿ ಅಷ್ಟು ಜನರಿಗೆ ಗೊತ್ತಿಲ್ಲ. ಕಾಲುವೆಯ ನೀರನ್ನು ಕೆಲವೇ ಊರುಗಳ ಕೆಲವೇ ಹೊಲಗಳು ಹೀರಿಕೊಳ್ಳದಂತೆ, ಜಮೀನನ್ನು ಬ್ಲಾಕುಗಳಾಗಿ ವಿಂಗಡಿಸಿ, ಸರದಿಯ ಮೇಲೆ ಬೇರೆ ಬೇರೆ ಬೆಳೆಗಳಿಗೆ ಅಳತೆಯ ನೀರು ಕೊಡುವ ಏರ್ಪಾಡು ಅದು. ಬಾಗಿಲನ್ನು ಎತ್ತುವುದು ನೀರಿನ ಒತ್ತಡದ ಲೆಕ್ಕ. ನೀರನ್ನು ಹಂಚುವುದು ರೈತ, ಬೆಳೆ, ಕಂದಾಯ ಮತ್ತು ನ್ಯಾಯದ ಲೆಕ್ಕ. ಎರಡನ್ನೂ ಒಬ್ಬರೇ ಮಾಡಿದರು. ಅದೇ ಮನಸ್ಸು ಮುಂದೆ ದೇಶದ ಆರ್ಥಿಕ ಯೋಜನೆಯ ಕುರಿತು ಪುಸ್ತಕ ಬರೆಯಿತು.

ಹೊರದೇಶದ ಉದಾಹರಣೆ ಬೇಕೆಂದರೆ ಹರ್ಬರ್ಟ್ ಸೈಮನ್ ಇದ್ದಾರೆ. ಅವರ ಪಿಎಚ್.ಡಿ. ರಾಜ್ಯಶಾಸ್ತ್ರದಲ್ಲಿ, 1975ರಲ್ಲಿ ಕಂಪ್ಯೂಟರ್ ವಿಜ್ಞಾನದ ಟ್ಯೂರಿಂಗ್ ಪ್ರಶಸ್ತಿಯನ್ನು ಆಲನ್ ನ್ಯೂವೆಲ್ ಅವರ ಜೊತೆ ಹಂಚಿಕೊಂಡರು, 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು. ಆದರೆ ಅವರು ಜೀವನವಿಡೀ ಬೆನ್ನುಹತ್ತಿದ್ದು ಒಂದೇ ಪ್ರಶ್ನೆಯನ್ನು: ಸಮಯವೂ ಮಾಹಿತಿಯೂ ಸಾಲದಿರುವಾಗ ಮನುಷ್ಯ ತೀರ್ಮಾನವನ್ನು ಹೇಗೆ ಕೈಗೊಳ್ಳುತ್ತಾನೆ? ಶಾಸ್ತ್ರ ಬದಲಾದದ್ದು ಪ್ರಶ್ನೆ ಕರೆದೊಯ್ದ ಕಡೆಗೆ.

ತರಗತಿಯಲ್ಲಿ ಏನು ನಡೆಯುತ್ತದೆ?

ಸಾಮಾನ್ಯ ಉಪನ್ಯಾಸಗಳೂ ಇರುತ್ತವೆ. ಅದರ ಜೊತೆಗೆ ಒಂದು ಸೆಮಿಸ್ಟರ್ ಪೂರ್ತಿ, ಬೇರೆ ಬೇರೆ ಹಿನ್ನೆಲೆಯ ಮೂರ್ನಾಲ್ಕು ವಿದ್ಯಾರ್ಥಿಗಳು ಒಂದು ತಂಡವಾಗಿ ನಿಜವಾದ ಒಂದು ಸಮಸ್ಯೆಯ ಮೇಲೆ ದುಡಿಯುತ್ತಾರೆ. ಎರಡು ಶಾಸ್ತ್ರಗಳ ಇಬ್ಬರು ಅಧ್ಯಾಪಕರು ಒಟ್ಟಿಗೆ ಕುಳಿತು ಮೌಲ್ಯಮಾಪನ ಮಾಡುತ್ತಾರೆ. ಇಬ್ಬರ ಅಂಕಗಳು ತಾಳೆಯಾಗದ ದಿನಗಳೇ ಹೆಚ್ಚು, ಮತ್ತು ಆ ದಿನಗಳಲ್ಲಿಯೇ ವಿದ್ಯಾರ್ಥಿಗಳು ಹೆಚ್ಚು ಕಲಿಯುತ್ತಾರೆ.

ಒಂದು ತಂಡದ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮಾಟುಂಗದ ಸಣ್ಣದೊಂದು ಉಡುಪಿ ಹೋಟೆಲಿನಲ್ಲಿ ದಿನಕ್ಕೆ ಎಷ್ಟು ಇಡ್ಲಿ ಹಿಟ್ಟು ರುಬ್ಬಬೇಕೆಂದು ಮುಂಚಿತವಾಗಿ ಅಂದಾಜು ಮಾಡುವುದು ಅವರ ಗುರಿಯಾಗಿತ್ತು. ಕಂಪ್ಯೂಟರ್ ವಿಜ್ಞಾನದ ಹುಡುಗಿ ಹಳೆಯ ಬಿಲ್ಲುಗಳನ್ನೆಲ್ಲ ದತ್ತಾಂಶವಾಗಿ ಮಾಡಿ ಒಂದು ಮಾದರಿಯನ್ನು ಕಟ್ಟಿದಳು. ವಾರದ ದಿನ, ಮಳೆ, ಶಾಲೆಯ ರಜೆ ಎಲ್ಲವನ್ನೂ ಸೇರಿಸಿದರೂ ತಿಂಗಳಿಗೆ ಒಂದು ದಿನ ಮಾತ್ರ ಅಂದಾಜು ಕೆಟ್ಟದಾಗಿ ತಪ್ಪುತ್ತಿತ್ತು. ತಂಡದವರು ಆ ದಿನಗಳನ್ನು ಅಪವಾದವೆಂದು ತೆಗೆದುಹಾಕುವ ಯೋಚನೆಯಲ್ಲಿದ್ದಾಗ, ವಾಣಿಜ್ಯ ಓದಿದ ಹುಡುಗ ಆ ದಿನಾಂಕಗಳ ಪಟ್ಟಿಯನ್ನು ಹೋಟೆಲಿನ ಭಟ್ಟರ ಮುಂದೆ ಹಿಡಿದ. ಭಟ್ಟರು ಕಣ್ಣಾಡಿಸಿ, "ಇವೆಲ್ಲ ಸಂಕಷ್ಟಿಯಲ್ಲವೋ ಮಾರಾಯ, ಆ ದಿನ ಇಡ್ಲಿ ಯಾರು ತಿನ್ನುತ್ತಾರೆ?" ಎಂದರು. ಚಂದ್ರೋದಯದವರೆಗೆ ಉಪವಾಸವಿರುವ ಗಿರಾಕಿಗಳು ಅಂದು ಸಾಬೂದಾಣಿ ಖಿಚಡಿಯನ್ನು ಕೇಳುತ್ತಾರೆ. ಮಂಗಳವಾರ ಬಂದು ಅಂಗಾರಕಿಯಾದರೆ ಇನ್ನೂ ಹೆಚ್ಚು. ತಿಥಿ ಇಂಗ್ಲಿಷ್ ಕ್ಯಾಲೆಂಡರಿನ ಯಾವ ಕಂಬಸಾಲಿನಲ್ಲಿಯೂ ಕಾಣಿಸುವುದಿಲ್ಲ. ಪಂಚಾಂಗದ ಒಂದು ಕಂಬಸಾಲನ್ನು ಸೇರಿಸಿದ ಮೇಲೆ ಮಾದರಿ ಸರಿಹೋಯಿತು.

ಆದರೆ ಕೆಲಸ ಅಲ್ಲಿಗೇ ಮುಗಿಯಲಿಲ್ಲ. ಭಟ್ಟರ ಮಾತು ಪುರಾವೆಯೋ ಅಥವಾ ಒಂದು ಸುಳಿವೋ ಎಂಬ ಚರ್ಚೆ ಎರಡು ತರಗತಿಗಳನ್ನು ತೆಗೆದುಕೊಂಡಿತು. ಸಂಖ್ಯೆಯಿಂದ ಪರೀಕ್ಷಿಸುವವರೆಗೆ ಅದು ಸುಳಿವು ಮಾತ್ರ ಎಂದು ಒಬ್ಬ ಅಧ್ಯಾಪಕರು ವಾದಿಸಿದರು. ಆ ಮಾತಿಲ್ಲದೆ ಯಾವ ಸಂಖ್ಯೆಯನ್ನು ಹುಡುಕಬೇಕೆಂದೇ ನಿಮಗೆ ತಿಳಿಯುತ್ತಿರಲಿಲ್ಲವಲ್ಲ ಎಂದು ಇನ್ನೊಬ್ಬರು ಉತ್ತರಿಸಿದರು. ಇಬ್ಬರೂ ಹೇಳಿದ್ದು ಸರಿ. ಆ ಹುಡುಗಿ ಈಗ ಯಾವ ಹೊಸ ಕೆಲಸ ಕೈಗೆತ್ತಿಕೊಂಡರೂ ಮೊದಲು ಆ ಜಾಗದಲ್ಲಿ ಇಪ್ಪತ್ತು ವರ್ಷ ದುಡಿದವರು ಯಾರೆಂದು ಕೇಳುತ್ತಾಳೆ.

ಸಂಶೋಧನೆ ಎಂದರೆ ಪುಸ್ತಕದ ಮಾತೋ, ಜನಕ್ಕೆ ಉಪಯೋಗವೋ?

ನಿಮ್ಮ ಮನೆಯಲ್ಲಿ ಯಾರಾದರೂ ಎಂಜಿನಿಯರಿಂಗ್ ಪ್ರವೇಶಕ್ಕಾಗಿ ಜೆಇಇ ಪರೀಕ್ಷೆ ಬರೆದಿದ್ದರೆ ಈ ಬಗೆಯ ಸಂಶೋಧನೆಯ ಫಲ ನಿಮ್ಮ ಮನೆಯನ್ನು ಆಗಲೇ ತಲುಪಿದೆ. 2015ಕ್ಕೆ ಮೊದಲು ಐಐಟಿಗಳ ಸೀಟು ಹಂಚಿಕೆ ಬೇರೆ, ಎನ್‌ಐಟಿಗಳ ಹಂಚಿಕೆ ಬೇರೆ ಆಗಿತ್ತು. ಒಬ್ಬ ವಿದ್ಯಾರ್ಥಿ ಎರಡೂ ಕಡೆ ಸೀಟು ಹಿಡಿದು ಕೊನೆಗೆ ಒಂದನ್ನು ಬಿಟ್ಟಾಗ ಆ ಸೀಟು ಖಾಲಿ ಉಳಿಯುವ ಸಂಭವವಿತ್ತು. 2015ರಿಂದ ಜೋಸಾ ಎಂಬ ಜಂಟಿ ವ್ಯವಸ್ಥೆ ಬಂದಿತು. ಅದರ ಒಳಗಿರುವ ವಿಧಾನದ ಮೂಲ 1962ರಲ್ಲಿ ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ ಎಂಬ ಇಬ್ಬರು ಗಣಿತಜ್ಞರು ಬರೆದ ಒಂದು ಕಿರುಲೇಖನದಲ್ಲಿದೆ. ವಿದ್ಯಾರ್ಥಿಗಳು ತಮ್ಮ ಇಷ್ಟದ ಕ್ರಮವನ್ನು ಪ್ರಾಮಾಣಿಕವಾಗಿ ಬರೆದರೆ ನಷ್ಟವಾಗದಂತೆ, ಮತ್ತು ನನಗಿಂತ ಕೆಳಗಿನ ರ‍್ಯಾಂಕಿನವರಿಗೆ ನಾನು ಹೆಚ್ಚು ಬಯಸಿದ ಸೀಟು ಸಿಕ್ಕಿತು ಎಂಬ ದೂರು ಬಾರದಂತೆ ಹಂಚುವ ಬಗೆ ಅದು. ಶಾಪ್ಲಿ ಅವರಿಗೂ, ಇದನ್ನು ಆಸ್ಪತ್ರೆ ಮತ್ತು ಶಾಲೆಗಳ ಹಂಚಿಕೆಗೆ ತಂದ ಆಲ್ವಿನ್ ರಾತ್ ಅವರಿಗೂ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದಿತು.

ಗಣಿತ ಇಷ್ಟಾದರೂ ಅದನ್ನು ನಮ್ಮ ದೇಶಕ್ಕೆ ತರುವುದು ಬೇರೆಯದೇ ಕೆಲಸವಾಗಿತ್ತು. ಐಐಟಿಗೆ ಒಂದು ರ‍್ಯಾಂಕ್ ಪಟ್ಟಿ, ಎನ್‌ಐಟಿಗೆ ಇನ್ನೊಂದು. ಮೀಸಲಾತಿಯ ಪ್ರವರ್ಗಗಳು, ರಾಜ್ಯದ ಕೋಟಾ, ತುಂಬದೆ ಉಳಿದ ಕೆಲವು ಸೀಟುಗಳನ್ನು ಯಾರಿಗೆ ಕೊಡಬೇಕೆಂಬ ನಿಯಮ ಇವೆಲ್ಲವನ್ನೂ ಕಾನೂನಿಗೆ ಒಂದಿಷ್ಟೂ ಚ್ಯುತಿ ಬಾರದಂತೆ ಆ ವಿಧಾನದೊಳಗೆ ಕೂಡಿಸಬೇಕಿತ್ತು. ಕಂಪ್ಯೂಟರ್ ವಿಜ್ಞಾನ, ಅರ್ಥಶಾಸ್ತ್ರ, ಕಾನೂನು, ಆಡಳಿತ ನಾಲ್ಕನ್ನೂ ಒಂದೇ ಮೇಜಿಗೆ ತರುವವರು ಇಲ್ಲದಿದ್ದರೆ ಇದು ಆಗುತ್ತಿರಲಿಲ್ಲ.

ಮುಂಬಯಿ, ಪುಣೆ, ಗೋವಾಗಳಲ್ಲಿ ಎಲ್ಲಿ ಓದಬಹುದು?

ಎಲ್ಲವನ್ನೂ ಪಟ್ಟಿ ಮಾಡಲು ಹೋಗುವುದಿಲ್ಲ. ಪವಯಿಯ ಐಐಟಿ ಬಾಂಬೆಯಲ್ಲಿ ಶೈಲೇಶ್ ಜೆ. ಮೆಹ್ತಾ ನಿರ್ವಹಣಾ ಶಾಲೆ 1995ರಿಂದ ಇದೆ. ಗ್ರಾಮೀಣ ತಂತ್ರಜ್ಞಾನಕ್ಕಾಗಿ 1985ರಲ್ಲಿ ಹುಟ್ಟಿದ ಸಿತಾರಾ ಎಂಬ ಕೇಂದ್ರವೂ ಅಲ್ಲಿಯೇ ಇದೆ. ವಿದ್ಯಾರ್ಥಿಗಳನ್ನು ಹಳ್ಳಿಗೆ ಕಳುಹಿಸಿ ಕುಡಿಯುವ ನೀರು, ಒಲೆ, ನೀರಾವರಿಗಳಂತಹ ಸಮಸ್ಯೆಗಳನ್ನು ಅಲ್ಲಿನ ಜನರಿಂದಲೇ ಕೇಳಿ ತಿಳಿಯುವಂತೆ ಮಾಡುವ ಅದರ ಕ್ರಮದ ಬಗ್ಗೆ ನನಗೆ ವಿಶೇಷ ಗೌರವವಿದೆ. ಅದೇ ಪವಯಿಯಲ್ಲಿ 1963ರಲ್ಲಿ ಕೈಗಾರಿಕಾ ಎಂಜಿನಿಯರಿಂಗ್ ತರಬೇತಿಗಾಗಿ ಸ್ಥಾಪನೆಯಾಗಿದ್ದ ನಿಟಿ 2023ರಲ್ಲಿ ಐಐಎಂ ಮುಂಬಯಿ ಆಯಿತು. ಮುಂಬಯಿ ವಿಶ್ವವಿದ್ಯಾಲಯದ ಜಮ್ನಾಲಾಲ್ ಬಜಾಜ್ ನಿರ್ವಹಣಾ ಸಂಸ್ಥೆ 1965ರದು. ಗೋರೆಗಾಂವ್‌ನಲ್ಲಿ ರಿಸರ್ವ್ ಬ್ಯಾಂಕ್ 1987ರಲ್ಲಿ ಸ್ಥಾಪಿಸಿದ ಇಂದಿರಾ ಗಾಂಧಿ ಅಭಿವೃದ್ಧಿ ಸಂಶೋಧನಾ ಸಂಸ್ಥೆ ಅರ್ಥಶಾಸ್ತ್ರದ ಕಡೆಯಿಂದ ಇದೇ ಪ್ರಶ್ನೆಗಳಿಗೆ ಬರುತ್ತದೆ.

ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯವೂ ರಾಜ್ಯಶಾಸ್ತ್ರ ಮತ್ತು ಅರ್ಥಶಾಸ್ತ್ರಕ್ಕಾಗಿ ಇರುವ, 1930ರಷ್ಟು ಹಳೆಯ ಗೋಖಲೆ ಸಂಸ್ಥೆಯೂ ಇವೆ. ಗೋವಾ ವಿಶ್ವವಿದ್ಯಾಲಯದ ಗೋವಾ ಬಿಸಿನೆಸ್ ಸ್ಕೂಲ್ ವಾಣಿಜ್ಯ, ಅರ್ಥಶಾಸ್ತ್ರ, ನಿರ್ವಹಣೆ ಮತ್ತು ಕಂಪ್ಯೂಟರ್ ವಿಜ್ಞಾನಗಳನ್ನು ಒಂದೇ ಶಾಲೆಯಾಗಿ ಕೂಡಿಸಿದೆ. ನಮ್ಮ ವಿಷಯಕ್ಕೆ ಇಷ್ಟು ನೇರವಾಗಿ ಹೊಂದುವ ರಚನೆ ಅಪರೂಪ. ಗೋವಾದಲ್ಲಿ ಸಮಸ್ಯೆಗಳಿಗೂ ಕೊರತೆಯಿಲ್ಲ. ಅಲ್ಲಿನ ಕಬ್ಬಿಣದ ಅದಿರಿನ ಗಣಿಗಳು 2012ರಲ್ಲೊಮ್ಮೆ, 2018ರಲ್ಲೊಮ್ಮೆ ಸುಪ್ರೀಂ ಕೋರ್ಟಿನ ಆದೇಶದಿಂದ ನಿಂತವು. ಅಂತರ್ಜಲ, ಟ್ರಕ್ಕಿನ ಸಾಲ, ರಫ್ತು, ಪರಿಸರ ಕಾನೂನು ಇವುಗಳಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಅಧ್ಯಯನ ಮಾಡಿದರೆ ಆ ಕಥೆ ಅರ್ಥವಾಗುವುದಿಲ್ಲ.

ಪ್ರವೇಶ ಪರೀಕ್ಷೆ ಯಾವುದು?

ಎಂಬಿಎಗೆ ಬಹುತೇಕ ಕ್ಯಾಟ್, ಕೆಲವು ಕಡೆ ರಾಜ್ಯದ ಸಿಇಟಿ, ಎಂ.ಟೆಕ್‌ಗೆ ಗೇಟ್, ಪಿಎಚ್.ಡಿ.ಗೆ ನೆಟ್, ಗೇಟ್ ಅಥವಾ ಸಂಸ್ಥೆಯದೇ ಪರೀಕ್ಷೆ ಮತ್ತು ಸಂದರ್ಶನ.

ವಾಣಿಜ್ಯ ಅಥವಾ ಕಲಾ ವಿಭಾಗದವರಿಗೆ ಗಣಿತ ತೊಡಕಾಗುವುದಿಲ್ಲವೇ?

ಮೊದಲ ಸೆಮಿಸ್ಟರಿನಲ್ಲಿ ಆಗುತ್ತದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಸಂಭವನೀಯತೆ ಮತ್ತು ಸಂಖ್ಯಾಶಾಸ್ತ್ರದ ಮೂಲಪಾಠಗಳನ್ನು ಸೇರುವ ಮುನ್ನವೇ ರಜೆಯಲ್ಲಿ ಓದಿಕೊಂಡು ಬಂದರೆ ದಾರಿ ಸುಗಮ. ಎಂಜಿನಿಯರಿಂಗ್ ಮಕ್ಕಳಿಗೂ ಅಷ್ಟೇ ದೊಡ್ಡ ತೊಡಕೊಂದಿದೆ, ಅದನ್ನು ಯಾರೂ ಕೇಳುವುದಿಲ್ಲ. ಒಬ್ಬರೊಡನೆ ಒಂದು ಗಂಟೆ ಕುಳಿತು ಅವರ ಮಾತನ್ನು ತಡೆಯದೆ ಕೇಳಿ, ಅದನ್ನು ಅವರು ಹೇಳಿದಂತೆಯೇ ಬರೆದಿಡುವುದು ಅವರಿಗೆ ಗಣಿತಕ್ಕಿಂತ ಕಷ್ಟವಾಗುವುದನ್ನು ನಾನು ಪ್ರತಿವರ್ಷ ನೋಡುತ್ತೇನೆ.

ಮೊದಲ ಪದವಿಯಲ್ಲಿಯೇ ಎಲ್ಲವನ್ನೂ ಬೆರೆಸಿ ಓದುವುದು ಒಳ್ಳೆಯದೇ?

2020ರ ರಾಷ್ಟ್ರೀಯ ಶಿಕ್ಷಣ ನೀತಿ ಅದಕ್ಕೆ ಬಾಗಿಲು ತೆರೆದಿದೆ. ಬೇರೆ ಸಂಸ್ಥೆಯಲ್ಲಿ ಗಳಿಸಿದ ಕ್ರೆಡಿಟ್ಟುಗಳನ್ನು, ಅಂದರೆ ಮುಗಿಸಿದ ಪಾಠಗಳ ಲೆಕ್ಕವನ್ನು, ಒಂದೆಡೆ ಜಮಾ ಮಾಡುವ ಅಕಾಡೆಮಿಕ್ ಬ್ಯಾಂಕ್ 2021ರಲ್ಲಿ ಬಂದಿತು. ತರಗತಿಯ ವೇಳೆ ಒಂದರ ಮೇಲೊಂದು ಬೀಳದಿದ್ದರೆ ಎರಡು ಪದವಿಗಳನ್ನು ಒಟ್ಟಿಗೆ ಓದಲು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರಲ್ಲಿ ಅನುಮತಿ ಕೊಟ್ಟಿತು, ಪಿಎಚ್.ಡಿ.ಗೆ ಮಾತ್ರ ಇದು ಅನ್ವಯಿಸದು. ನನ್ನ ಅಭಿಪ್ರಾಯ ಸ್ವಲ್ಪ ಹಳಬರದು. ಮೊದಲು ಒಂದು ಶಾಸ್ತ್ರವನ್ನು ಅದರ ಕಷ್ಟದ ಭಾಗದವರೆಗೂ ಓದಬೇಕು. ತನ್ನ ಶಾಸ್ತ್ರದಲ್ಲಿ ಒಂದು ಪುರಾವೆಯನ್ನು ಕಟ್ಟಲು ಎಷ್ಟು ಬೆವರು ಬೇಕೆಂದು ಗೊತ್ತಿರುವವರು ಮಾತ್ರ ಇನ್ನೊಬ್ಬರ ಶಾಸ್ತ್ರದ ಪುರಾವೆಯನ್ನು ಗೌರವಿಸುತ್ತಾರೆ. ಐಚ್ಛಿಕ ವಿಷಯಗಳನ್ನು ಆರಿಸುವಾಗ ಹತ್ತು ಕಡೆ ಒಂದೊಂದು ಪರಿಚಯಪಾಠ ತೆಗೆದುಕೊಳ್ಳುವ ಬದಲು, ಬೇರೊಂದೇ ವಿಭಾಗದ ಮೂರು ಪಾಠಗಳನ್ನು ಒಂದರ ಮೇಲೊಂದು ಓದಿ ಎಂದು ನಾನು ಸಲಹೆ ಮಾಡುತ್ತೇನೆ.

ಪಿಎಚ್.ಡಿ.ಯಲ್ಲಿ ಇಬ್ಬರು ಮಾರ್ಗದರ್ಶಕರಿದ್ದರೆ ಅನುಕೂಲವೋ, ತೊಂದರೆಯೋ?

ಯುಜಿಸಿಯ 2022ರ ಪಿಎಚ್.ಡಿ. ನಿಯಮಾವಳಿ ಬೇರೆ ವಿಭಾಗದ ಅಥವಾ ಬೇರೆ ಸಂಸ್ಥೆಯ ಸಹಮಾರ್ಗದರ್ಶಕರಿಗೆ ಅವಕಾಶ ಕೊಡುತ್ತದೆ. ಅದರ ಪ್ರಕಾರ ಕನಿಷ್ಠ 12 ಕ್ರೆಡಿಟ್‌ಗಳ ಪಾಠಗಳಿರಬೇಕು, ಅವಧಿ ಕನಿಷ್ಠ 3, ಗರಿಷ್ಠ 6 ವರ್ಷ, ವಿಶೇಷ ಸಂದರ್ಭಗಳಲ್ಲಿ ವಿಸ್ತರಣೆಯೂ ಉಂಟು. ಪ್ರಾಧ್ಯಾಪಕರೊಬ್ಬರು ಒಂದು ವೇಳೆಗೆ ಎಂಟಕ್ಕಿಂತ ಹೆಚ್ಚು ಸಂಶೋಧಕರನ್ನು ಇಟ್ಟುಕೊಳ್ಳುವಂತಿಲ್ಲ. ಐಐಟಿಗಳಿಗೆ ಅವರದೇ ನಿಯಮಗಳಿವೆ.

ನಿಯಮದಲ್ಲಿ ಇಲ್ಲದ ಸಂಗತಿಯನ್ನು ನನ್ನ ಅನುಭವದಿಂದ ಹೇಳಬೇಕು. ನಾನು ಸಂಶೋಧನೆ ಮಾಡಿದ ಸಂಸ್ಥೆಯಲ್ಲಿ ನನಗೆ ಇಬ್ಬರು ಮಾರ್ಗದರ್ಶಕರಿದ್ದರು, ಇಬ್ಬರೂ ಒಳ್ಳೆಯವರು. ಒಬ್ಬರು ಗಣಕದಲ್ಲಿ ಅನುಕರಿಸಿ ತೋರಿಸದ ಯಾವುದನ್ನೂ ಫಲಿತಾಂಶವೆಂದು ಒಪ್ಪುತ್ತಿರಲಿಲ್ಲ. ಇನ್ನೊಬ್ಬರು ಗೋದಾಮಿನ ಕೆಲಸಗಾರರನ್ನು ಮಾತನಾಡಿಸದೆ ಬರೆದ ಯಾವುದನ್ನೂ ಒಪ್ಪುತ್ತಿರಲಿಲ್ಲ. ಒಬ್ಬರು ತಿದ್ದಿದ್ದನ್ನು ಇನ್ನೊಬ್ಬರು ಹೊಡೆದುಹಾಕುತ್ತ, ನಾನು ಒಂದೂವರೆ ವರ್ಷ ಒಂದೇ ಅಧ್ಯಾಯವನ್ನು ಬರೆದೆ. ಅವರಿಬ್ಬರೂ ಒಮ್ಮೆಯಾದರೂ ಒಂದೇ ಕೋಣೆಯಲ್ಲಿ ಕುಳಿತು ಮಾತನಾಡುವ ಏರ್ಪಾಡನ್ನು ವಿಭಾಗ ಮಾಡಲಿಲ್ಲ, ಕೇಳುವ ಧೈರ್ಯ ನನಗೂ ಇರಲಿಲ್ಲ. ಆದ್ದರಿಂದ ನನ್ನ ವಿದ್ಯಾರ್ಥಿಗಳಿಗೆ ಮೊದಲ ಆರು ತಿಂಗಳೊಳಗೆ ಒಂದು ಪುಟ ಬರೆಸುತ್ತೇನೆ: ಯಾವ ಅಧ್ಯಾಯವನ್ನು ಯಾವ ಶಾಸ್ತ್ರದ ಅಳತೆಗೋಲಿನಿಂದ ನೋಡಬೇಕು, ಭಿನ್ನಾಭಿಪ್ರಾಯ ಬಂದರೆ ಕೊನೆಯ ಮಾತು ಯಾರದು. ಇಬ್ಬರೂ ಮಾರ್ಗದರ್ಶಕರು ಅದಕ್ಕೆ ಸಹಿ ಹಾಕಬೇಕು. ಈ ಒಂದು ಪುಟದಿಂದ ಉಳಿಯುವ ವರ್ಷಗಳಿಗೆ ನಾನೇ ಸಾಕ್ಷಿ.

ಮುಂದೆ ಕೆಲಸ ಸಿಗುತ್ತದೆಯೇ?

ಕಂಪನಿಗಳಲ್ಲಿ ಅಷ್ಟು ಚಿಂತೆಯಿಲ್ಲ. ಪೂರೈಕೆ ಸರಪಳಿ, ಬ್ಯಾಂಕುಗಳ ಅಪಾಯ ನಿರ್ವಹಣೆ, ಆಸ್ಪತ್ರೆಗಳ ಕಾರ್ಯಾಚರಣೆ, ದತ್ತಾಂಶ ವಿಶ್ಲೇಷಣೆ ಇವೆಲ್ಲ ಎರಡು ಕಡೆಯ ಮಾತು ಬಲ್ಲವರನ್ನೇ ಬಯಸುತ್ತವೆ, ಮತ್ತು ರಿಸರ್ವ್ ಬ್ಯಾಂಕ್, ಷೇರುಪೇಟೆಗಳು, ಅವುಗಳ ನಿಯಂತ್ರಕ ಸೆಬಿ ಇರುವ ಈ ನಗರದಲ್ಲಿ ಅಂತಹ ಕೆಲಸಗಳು ಹೆಚ್ಚು. ಕಾಲೇಜಿನ ಅಧ್ಯಾಪಕ ಹುದ್ದೆ ಬಯಸುವವರು ಮಾತ್ರ ಮೊದಲೇ ಎಚ್ಚರ ವಹಿಸಬೇಕು. ಜಾಹೀರಾತುಗಳು ಇಂದಿಗೂ ವಿಷಯವಾರಾಗಿ ಬರುತ್ತವೆ. ಸ್ನಾತಕೋತ್ತರ ಪದವಿ ಒಂದು ವಿಷಯದಲ್ಲಿ, ಪಿಎಚ್.ಡಿ. ಇನ್ನೊಂದರಲ್ಲಿ ಇದ್ದರೆ ಅರ್ಜಿಯನ್ನು ಪರಿಶೀಲಿಸುವ ಹಂತದಲ್ಲಿಯೇ "ಸಂಬಂಧಿತ ವಿಷಯವಲ್ಲ" ಎಂದು ಬದಿಗಿಡುವ ಸಾಧ್ಯತೆಯಿದೆ. ಇದು ಅನ್ಯಾಯ ಎಂದು ನಾನು ಭಾವಿಸುತ್ತೇನೆ, ಸಭೆಗಳಲ್ಲಿ ಹೇಳಿಯೂ ಇದ್ದೇನೆ. ಅದು ಬದಲಾಗುವವರೆಗೆ ಯಾವ ವಿಷಯದಲ್ಲಿ ನೆಟ್ ಬರೆಯಬೇಕು, ಪದವಿ ಪತ್ರದಲ್ಲಿ ಯಾವ ವಿಷಯದ ಹೆಸರು ಬರುತ್ತದೆ ಎಂಬುದನ್ನು ಸೇರುವ ದಿನವೇ ಬರಹದಲ್ಲಿ ಕೇಳಿ ತಿಳಿದುಕೊಳ್ಳಿ.

ಕನ್ನಡ ಮಾಧ್ಯಮದಲ್ಲಿ ಓದಿದವರು ಇಲ್ಲಿ ಹಿಂದೆ ಬೀಳುವುದಿಲ್ಲವೇ?

ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಫೋರ್ಟಿನ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದವರ ಊರು ಇದು. ಇಂಗ್ಲಿಷಿನಲ್ಲಿ ಬರೆಯುವ ಅಭ್ಯಾಸಕ್ಕೆ ಒಂದು ವರ್ಷ ಹೆಚ್ಚು ಶ್ರಮ ಬೇಕಾಗಬಹುದು, ಅಷ್ಟೇ. ನಮ್ಮ ಭಾಷೆಗಳು ಸಂಶೋಧನೆಗೆ ಬಂಡವಾಳವೂ ಹೌದು. ಕೊಂಕಣ ರೈಲ್ವೆ 1999ರಿಂದ ಸರಕು ತುಂಬಿದ ಲಾರಿಗಳನ್ನೇ ರೈಲಿನ ಮೇಲೆ ಹೊತ್ತೊಯ್ಯುವ ರೋ-ರೋ ಸೇವೆಯನ್ನು ನಡೆಸುತ್ತಿದೆ; ಕೋಲಾಡ್‌ನಿಂದ ಸುರತ್ಕಲ್‌ವರೆಗೆ ಚಾಲಕರು ತಮ್ಮ ಲಾರಿಗಳ ಜೊತೆಯಲ್ಲೇ ಪ್ರಯಾಣಿಸುತ್ತಾರೆ. ಉಳಿಯುವ ಡೀಸೆಲ್ ಎಷ್ಟು, ಮಳೆಗಾಲದ ಭೂಕುಸಿತದಿಂದಾಗುವ ವಿಳಂಬದ ಬೆಲೆ ಎಷ್ಟು ಎಂಬುದನ್ನು ಪವಯಿಯಲ್ಲಿ ಕುಳಿತೂ ಲೆಕ್ಕ ಹಾಕಬಹುದು. ಆ ರಾತ್ರಿ ಚಾಲಕರಿಗೆ ನಿಜವಾಗಿ ವಿಶ್ರಾಂತಿ ಸಿಗುತ್ತದೆಯೇ, ಮಾಲೀಕರು ಆ ಗಂಟೆಗಳನ್ನು ಕೆಲಸವೆಂದು ಎಣಿಸುತ್ತಾರೆಯೇ ಎಂಬುದನ್ನು ತಿಳಿಯಬೇಕಾದರೆ ಅವರೊಡನೆ ಕನ್ನಡದಲ್ಲಿಯೋ ತುಳುವಿನಲ್ಲಿಯೋ ಮಾತನಾಡಬಲ್ಲ ಸಂಶೋಧಕರು ಬೇಕು. ಅಂತಹವರು ನಮ್ಮ ವಿಭಾಗಗಳಲ್ಲಿ ತೀರಾ ಕಡಿಮೆ.

ನಿಮ್ಮನ್ನು ಭೇಟಿಯಾಗಲು ಬರುವಾಗ ಏನು ತರಬೇಕು?

ಅಂಕಪಟ್ಟಿ ಬೇಡ. ನಿಮ್ಮನ್ನು ಕಾಡುವ ಒಂದು ಸಮಸ್ಯೆಯನ್ನು ಒಂದು ಪುಟದಲ್ಲಿ, ಕನ್ನಡದಲ್ಲಿಯೇ ಬರೆದು ತನ್ನಿ. ಅದರ ಕೆಳಗೆ ಎರಡು ಸಾಲು ಇರಲಿ: ಇದಕ್ಕೆ ಉತ್ತರ ಸಿಕ್ಕಿದೆ ಎಂದು ಏನನ್ನು ನೋಡಿದಾಗ ನೀವು ಒಪ್ಪುತ್ತೀರಿ, ಮತ್ತು ಆ ಸಮಸ್ಯೆಯನ್ನು ದಿನವೂ ಅನುಭವಿಸುವ ವ್ಯಕ್ತಿ ಏನನ್ನು ನೋಡಿದಾಗ ಒಪ್ಪುತ್ತಾರೆ. ಎರಡನೆಯ ಸಾಲನ್ನು ಅವರನ್ನೇ ಕೇಳಿ ಬರೆಯಿರಿ.